ಮೆಟ್ಟಿಲ ಬಾಗಿಲಿನ ಸದ್ದು

ಕಂಪ್ಯೂಟರಿನಲ್ಲಿ ಸದ್ದು ರೂಪಿಸುವುದನ್ನು ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಆರು ತಿಂಗಳಿಂದ ಸದ್ದು ಹುಟ್ಟಿಸುವ ಸಿಂಥಸೈಜರ್ ತಂತ್ರಾಂಶ ತೆರೆದುಕೊಂಡು ಕೂತಿದ್ದೇನೆ. ಯಾವ ನಾಬ್ ತಿರುಗಿಸಿದರೆ ಏನಾಗುತ್ತದೆಂದು ಗೊತ್ತು. ಆದರೂ ನಾನು ಮಾಡಿದ ಒಂದು ಸದ್ದೂ ನನಗೇ ಹಿಡಿಸುವುದಿಲ್ಲ. ಇನ್ನೇನು ಕಲಿಯಬೇಕು?"

ಗುರು ಹೇಳಿದರು:

ಒಂದು ಊರಿನಲ್ಲಿ ಕಣ್ಣು ಕಾಣದ ಹನ್ನೊಂದು ಹೆಂಗಸರು ಸೇರಿ ಬೆತ್ತದ ಕುರ್ಚಿ ಹೆಣೆಯುತ್ತಿದ್ದರು. ಅವರ ಕೇಂದ್ರಕ್ಕೆ ಒಬ್ಬ ಮೇಲ್ವಿಚಾರಕಿ ಇದ್ದಳು. ಕೇಂದ್ರ ಹೊಸ ಕಟ್ಟಡದ ಮಹಡಿಗೆ ಹೋದ ವಾರದಲ್ಲೇ ಹಿರಿಯ ಹೆಣೆಗಾರ್ತಿಯೊಬ್ಬಳು ಹಜಾರದಲ್ಲಿ ದಿಕ್ಕು ತಪ್ಪಿ ಮೆಟ್ಟಿಲಿನಿಂದ ಉರುಳಿದಳು. ಮಣಿಕಟ್ಟು ಮುರಿಯಿತು. ಇನ್ನು ಮುಂದೆ ಎಲ್ಲರನ್ನೂ ಕೈ ಹಿಡಿದು ಇಳಿಸಲು ಆಳೊಬ್ಬನನ್ನು ಇಡುವುದೆಂದು ಕೇಂದ್ರದ ಅಧ್ಯಕ್ಷರು ತೀರ್ಮಾನಿಸಿದರು.

ಮೇಲ್ವಿಚಾರಕಿ ಈ ಸುದ್ದಿ ಮುಟ್ಟಿಸಿದಾಗ, ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ ಆ ಹೆಣೆಗಾರ್ತಿ ಮುಖ ತಿರುಗಿಸಿದಳು.

"ಕೈ ಹಿಡಿಯೋದು ಬೇಡ ತಾಯಿ. ಬಾಗಿಲು ಯಾವ ಕಡೆ ಇದೆ ಅಂತ ಗೊತ್ತಾದರೆ ಸಾಕು, ನಾನೇ ಇಳೀತೀನಿ."

ಮೇಲ್ವಿಚಾರಕಿ ಅಧ್ಯಕ್ಷರ ಬಳಿ ಎರಡು ತಿಂಗಳ ಅವಕಾಶ ಕೇಳಿ ಪಡೆದಳು. ಮೆಟ್ಟಿಲ ಬಾಗಿಲ ಮೇಲೆ ಸಣ್ಣ ಸ್ಪೀಕರ್ ಕೂರಿಸಿದಳು. ಹೊಸಬರಿಗೆಂದೇ ಮಾಡಿದ, ಬಿಟ್ಟಿಯಾಗಿ ಸಿಗುವ ಸಿಂಥಸೈಜರ್ ಒಂದನ್ನು ಕಚೇರಿಯ ಕಂಪ್ಯೂಟರಿಗೆ ಇಳಿಸಿಕೊಂಡಳು. ಅದರಲ್ಲಿ ಸಿದ್ಧ ಸದ್ದುಗಳು ನೂರಾರು ಇದ್ದವು. ಇಂಪಾದ ಗಂಟೆಯೊಂದನ್ನು ಆರಿಸಿ ಕೇಳಿಸಿದಳು. ಹೆಣೆಗಾರ್ತಿಯರು ಮೆಚ್ಚಿದರು. ಎಲ್ಲಿಂದ ಬಂತು, ಬೆರಳು ತೋರಿಸಿ ಎಂದಳು. ಒಬ್ಬೊಬ್ಬರ ಬೆರಳು ಒಂದೊಂದು ದಿಕ್ಕಿಗೆ ಹೋಯಿತು.

ಅಂದೇ ಅವಳು ಸಿದ್ಧ ಸದ್ದುಗಳ ಪಟ್ಟಿ ಮುಚ್ಚಿದಳು. ಒಂದೇ ಒಂದು ಸಾದಾ ಸದ್ದಿನ ಅಲೆಯಿಂದ ಶುರುಮಾಡಿದಳು. ದಿನಕ್ಕೊಂದು ನಾಬ್ ಮುಟ್ಟುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಜಾರದಲ್ಲಿ ನಿಲ್ಲುವುದು, ಸದ್ದಿನ ಕಡೆಗೆ ನಡೆಯುವುದು. ಗೋಡೆಗೆ ಹಣೆ ತಾಗಿತು. ಮೊಣಕಾಲು ತರಚಿತು. ಐದನೆಯ ವಾರದಲ್ಲಿ ಅವಳಿಗೆ ಒಂದು ಗೊತ್ತಾಯಿತು. ನಯವಾದ ಸದ್ದು ಹಜಾರವನ್ನೆಲ್ಲ ತುಂಬುತ್ತದೆ, ತಾನು ಎಲ್ಲಿದ್ದೇನೆಂದು ಹೇಳುವುದಿಲ್ಲ. ಅವಳು ಆ ಅಲೆಯ ದನಿ ತಗ್ಗಿಸಿ ಒರಟಾದ ಸರಸರ ಸದ್ದು ಬೆರೆಸಿದಳು. ಸದ್ದಿನ ಕೊನೆಯಲ್ಲಿ ಗುಂಯ್ ಎಂದು ಎಳೆಯುವ ಬಾಲವನ್ನು ಕತ್ತರಿಸಿದಳು. ಕೊನೆಗೆ ಉಳಿದದ್ದು ಕಡ್ಡಿಪೊರಕೆಯಿಂದ ನೆಲಕ್ಕೆ ಎರಡು ಸಲ ಗೀರಿದಂಥ ಸದ್ದು.

ಅಧ್ಯಕ್ಷರಿಗೆ ಅದು ಸ್ವಲ್ಪವೂ ರುಚಿಸಲಿಲ್ಲ. ಬಂದವರು ಏನೆಂದುಕೊಂಡಾರು, ಮೊದಲಿನ ಗಂಟೆಯನ್ನೇ ಹಾಕಿ ಎಂದರು. ಮೇಲ್ವಿಚಾರಕಿ ವಾದಿಸಲಿಲ್ಲ. ಒಂದು ಗಳಿಗೆ ನಿಂತು ನೋಡಿ ಎಂದಷ್ಟೇ ಕೇಳಿಕೊಂಡಳು.

ಪಟ್ಟಿ ಬಿಚ್ಚಿಸಿಕೊಂಡು ಬಂದಿದ್ದ ಹಿರಿಯ ಹೆಣೆಗಾರ್ತಿ ಹಜಾರದ ನಡುವೆ ನಿಂತಳು. ಬಾಗಿಲ ಮೇಲಿಂದ ಪೊರಕೆಯ ಸದ್ದು ಗೀರಿತು. ಅವಳು ಕತ್ತು ಓರೆ ಮಾಡಿ ಆಲಿಸಿದಳು. ಗೋಡೆ ತಡವದೆ, ಯಾರನ್ನೂ ಕರೆಯದೆ ನೆಟ್ಟಗೆ ನಡೆದು ಬಾಗಿಲು ಮುಟ್ಟಿದಳು, ಕಂಬಿ ಹಿಡಿದು ಇಳಿದುಹೋದಳು. ಹಿಂದೆಯೇ ಉಳಿದ ಹತ್ತು ಜನ ಇಳಿದರು. ಆಳನ್ನು ಇಡುವ ಮಾತು ಮತ್ತೆ ಬರಲಿಲ್ಲ.

ಶಿಷ್ಯ, "ಆ ಮೇಲ್ವಿಚಾರಕಿಗೆ ನನ್ನಷ್ಟೂ ಗೊತ್ತಿರಲಿಲ್ಲವಲ್ಲ ಗುರುಗಳೇ" ಎಂದ.

ಗುರು ಹೇಳಿದರು: "ಅವಳ ಸದ್ದಿಗೆ ಹನ್ನೊಂದು ಜನ ಕಾದು ನಿಂತಿದ್ದರು, ನಿನ್ನ ಸದ್ದಿಗೆ ಯಾರು ಕಾದಿದ್ದಾರೆ?"