ಮೊಲದ ಕಲ್ಲು, ನರಿಯ ಕಲ್ಲು

ಒಂದು ಕಾಡಿನಲ್ಲಿ, ಹಳ್ಳದ ಕಡಿದಾದ ದಂಡೆಯ ಮೇಲೆ, ಭತ್ತ ಕೊಯ್ಯುವ ಹಳೆಯ ಕಟಾವು ಯಂತ್ರವೊಂದು ನಿಂತಿತ್ತು. ಕೆಟ್ಟುಹೋಯಿತೆಂದು ಯಾರೋ ಅದನ್ನು ಅಲ್ಲೇ ಬಿಟ್ಟು ಹೋಗಿದ್ದರು. ಮನುಷ್ಯರಿಗೆ ಬೇಡವಾದದ್ದು ಪ್ರಾಣಿಗಳಿಗೆ ಮನೆಯಾಯಿತು. ಮಳೆಗಾಲದಲ್ಲಿ ಕಾಡೆಲ್ಲ ಕೆಸರಾದಾಗ ಒಣಗಿದ ಜಾಗವೆಂದರೆ ಅದೊಂದೇ.

ಆದರೆ ಯಂತ್ರದ ಭಾರವೆಲ್ಲ ಮುಂದಕ್ಕೇ ಇತ್ತು. ಪೈರು ಕೊಯ್ಯುವ ಹಲ್ಲಿನ ಸಾಲು ಹಳ್ಳದ ಮೇಲೆ ಚಾಚಿಕೊಂಡಿತ್ತು. ಮುಂದಿನ ಗಾಲಿಗಳ ಕೆಳಗೆ ಮಣ್ಣು ವರ್ಷವರ್ಷವೂ ಕುಸಿಯುತ್ತಿತ್ತು. ಅದು ಮಗುಚದಂತೆ ಹಿಂದೆ ಭಾರವಿರಲೆಂದು ಪ್ರಾಣಿಗಳು ಒಂದು ಕಟ್ಟಳೆ ಮಾಡಿಕೊಂಡಿದ್ದವು. ಹಳ್ಳಕ್ಕೆ ನೀರು ಕುಡಿಯಲು ಇಳಿದವರು ಬರುವಾಗ ಒಂದು ಕಲ್ಲು ತಂದು ಯಂತ್ರದ ಹಿಂದಿನ ತಗಡಿನ ಮೇಲೆ ಇಡಬೇಕು. ದೊಡ್ಡ ಕಲ್ಲು ತಂದವರಿಗೆ ಒಳ್ಳೆಯ ಜಾಗ. ಯಜಮಾನಿಕೆ ಕರಡಿಯದು. ಅದೂ ಹಿಂದೆಯೇ ಮಲಗುತ್ತಿತ್ತು.

ಕಾಳು ತುಂಬುವ ತೊಟ್ಟಿಯಲ್ಲಿ ಮೊಲವೊಂದು ತನ್ನ ಮೂರು ಮರಿಗಳೊಂದಿಗೆ ವಾಸವಾಗಿತ್ತು. ಮರಿಗಳು ಇನ್ನೂ ನೆಟ್ಟಗೆ ನಡೆಯುತ್ತಿರಲಿಲ್ಲ. ಮೊಲದ ಬಾಯಿಗೆ ಹಿಡಿಯುತ್ತಿದ್ದದ್ದು ಚಿಕ್ಕ ಕಲ್ಲು. ಒಂದು ದಿನವೂ ತಪ್ಪಿಸದೆ ಅದನ್ನೇ ಕಚ್ಚಿ ತರುತ್ತಿತ್ತು.

ನರಿಗೆ ಮೈ ಬಗ್ಗಿಸಿ ಅಭ್ಯಾಸವಿಲ್ಲ. ಅದು ಒಣಗಿದ ಆನೆ ಲದ್ದಿಗೆ ಕೆಮ್ಮಣ್ಣು ಮೆತ್ತಿ, ಬಿಸಿಲಿಗೆ ಒಣಗಿಸಿ, ಏದುಸಿರು ಬಿಡುವ ನಾಟಕ ಮಾಡುತ್ತಾ ತಂದಿಟ್ಟಿತು.

"ಅಬ್ಬಾ! ಎಂಥಾ ಬಂಡೆ!" ಎಂದಿತು ಕರಡಿ.

"ನಿಮ್ಮೆಲ್ಲರಿಗಾಗಿ ಸೊಂಟ ಮುರಿದುಕೊಂಡೆ ಮಾವ," ಎಂದಿತು ನರಿ.

ಹೀಗೆ ನರಿಯ ರಾಶಿ ಬೆಳೆಯಿತು. ಮೆತ್ತನೆಯ ಸೀಟು, ಗಾಜಿನ ಕಿಟಕಿ ಇದ್ದ ಡ್ರೈವರನ ಕೋಣೆ ಅದಕ್ಕೇ ಸಿಕ್ಕಿತು. ಉಳಿದ ಪ್ರಾಣಿಗಳು ಇಷ್ಟಿದೆಯಲ್ಲ, ಇನ್ಯಾಕೆ ಎಂದು ಕಲ್ಲು ತರುವುದನ್ನೇ ಬಿಟ್ಟವು.

ಒಂದು ದಿನ ಮೊಲದ ಮೂಗು ತಗುಲಿದ್ದಕ್ಕೇ ನರಿಯ ಬಂಡೆ ಗರಗರ ಉರುಳಿತು. ಮೊಲ ಕರಡಿಯ ಬಳಿಗೆ ಓಡಿತು.

"ಮಾವ, ಇದು ಕಲ್ಲಲ್ಲ. ಒಂದು ಸಲ ಎತ್ತಿ ನೋಡಿ," ಎಂದು ಅದು ಬೇಡಿಕೊಂಡಿತು.

"ಹೊಟ್ಟೆಕಿಚ್ಚು ಮಾವ, ಬರೀ ಹೊಟ್ಟೆಕಿಚ್ಚು," ಎಂದು ನರಿ ನಕ್ಕಿತು.

"ಕಣ್ಣಿಗೇ ಕಾಣುತ್ತಿದೆಯಲ್ಲ ಮೊಲಕ್ಕ, ಎತ್ತಿ ಬೇರೆ ನೋಡಬೇಕಾ?" ಎಂದು ಕರಡಿ ಆಕಳಿಸಿತು. "ಜಾಗ ಸಾಲುತ್ತಿಲ್ಲ. ನಿನ್ನ ಪುಡಿಗಲ್ಲುಗಳನ್ನು ಮೊದಲು ಕೆಳಗೆ ತಳ್ಳು."

ಮೊಲ ಅಳುತ್ತಲೇ ತಾನು ತಂದ ಒಂದೊಂದು ಕಲ್ಲನ್ನೂ ತಾನೇ ಕೆಳಗೆ ತಳ್ಳಿತು. ಎದುರು ಮಾತಾಡಿದರೆ ಮರಿಗಳೊಂದಿಗೆ ಹೊರಗೆ ಹೋಗಬೇಕಾದೀತೆಂಬ ಭಯ ಅದಕ್ಕೆ. ಉಳಿದವರ ಹಳೆಯ ಕಲ್ಲುಗಳೂ ನರಿಯ ಬಂಡೆಗಳಿಗೆ ಜಾಗ ಬಿಟ್ಟು ಕೆಳಗಿಳಿದವು.

ಮುಂಗಾರು ಬಂತು. ಮೊದಲ ಜಡಿಮಳೆಗೇ ನರಿಯ ಬಂಡೆಗಳು ನೆನೆದು, ಒಡೆದು, ಕೆಂಪು ನೀರಾಗಿ ಹರಿದುಹೋದವು. ಮುಂದಿನ ಗಾಲಿಗಳ ಕೆಳಗಿನ ಮಣ್ಣು ಕುಸಿದು ಯಂತ್ರ ಕಿರ್ರೆಂದು ಮುಂದಕ್ಕೆ ವಾಲಿತು.

"ಎಲ್ಲರೂ ಹಿಂದಕ್ಕೆ ಬನ್ನಿ! ಮಾವ, ಇಳಿಯಬೇಡಿ, ಅಲ್ಲೇ ಕೂತಿರಿ!" ಎಂದು ಮೊಲ ಚೀರಿತು. ಒಂದು ಮರಿಯನ್ನು ಕಚ್ಚಿಕೊಂಡು ಹಿಂದಕ್ಕೋಡಿ ದಡದ ಮೇಲೆ ಇಳಿಸಿತು. ಇನ್ನೆರಡಕ್ಕಾಗಿ ತಿರುಗಿತು.

ಅಷ್ಟರಲ್ಲಿ ಕರಡಿ ಗಾಬರಿಬಿದ್ದು ನೆಲಕ್ಕೆ ಹಾರಿತು. ಅದರ ಹಿಂದೆಯೇ ಉಳಿದವೂ ಹಾರಿದವು. ಹಿಂದೆ ಇದ್ದ ಭಾರವೂ ಹೋಯಿತು. ಯಂತ್ರದ ಬಾಲ ಮೇಲಕ್ಕೆದ್ದಿತು.

ವಾಲಿದ ರಭಸಕ್ಕೆ ಡ್ರೈವರನ ಕೋಣೆಯ ಬಾಗಿಲು ಸಿಕ್ಕಿಕೊಂಡಿತ್ತು. ನರಿ ಗಾಜನ್ನು ಪರಪರ ಕೆರೆಯುತ್ತಾ, "ಮಾವ, ಹಿಂದೆ ಕಲ್ಲು ಹಾಕಿ! ನಿಜವಾದ ಕಲ್ಲು ಹಾಕಿ!" ಎಂದು ಕಿರುಚಿತು. ಯಂತ್ರ ಮಗುಚಿ ತುಂಬಿದ ಹಳ್ಳಕ್ಕೆ ಬಿತ್ತು. ನರಿಯೂ ಹೋಯಿತು. ತೊಟ್ಟಿಯಲ್ಲಿದ್ದ ಎರಡು ಮರಿಗಳೂ ಹೋದವು.

ನೀರು ಇಳಿದ ಮೇಲೆ ಕರಡಿ ತಲೆ ತಗ್ಗಿಸಿ ಬಂತು. "ತಪ್ಪಾಯಿತು ಮೊಲಕ್ಕ. ನಾನು ಎತ್ತಿ ನೋಡಬೇಕಿತ್ತು," ಎಂದಿತು.

ಆ ಮಾತಿನಿಂದ ಮೊಲಕ್ಕೆ ಏನೂ ಆಗಬೇಕಾಗಿರಲಿಲ್ಲ.

ಈಗಲೂ ಅದು ನೀರಿಗಿಳಿದಾಗಲೆಲ್ಲ ಒಂದು ಚಿಕ್ಕ ಕಲ್ಲು ಕಚ್ಚಿ ತರುತ್ತದೆ. ಯಂತ್ರ ನಿಂತಿದ್ದ ಖಾಲಿ ದಂಡೆಯ ಮೇಲೆ ಇಡುತ್ತದೆ.

"ಇನ್ನು ಯಾಕಮ್ಮ ಕಲ್ಲು?" ಎಂದು ಉಳಿದ ಮರಿ ಕೇಳುತ್ತದೆ.

ಮೊಲ ಮರಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ.

ನೀತಿ: ಎತ್ತಿ ನೋಡದೆ ಗಾತ್ರಕ್ಕೆ ಮರುಳಾದರೆ ಮೋಸಗಾರನೊಬ್ಬನೇ ಮುಳುಗುವುದಿಲ್ಲ, ಏನೂ ತಪ್ಪು ಮಾಡದವರೂ ಅವನ ಜೊತೆ ಮುಳುಗುತ್ತಾರೆ.