ಯಾವ ವೀಳ್ಯ?

ಪರಂಗಿ ಸಾಹೇಬ ಸಂಧಾನಕ್ಕೆಂದು ಪಾಳೆಯಗಾರ ನಾಯಕರ ಚಾವಡಿಗೆ ಬಂದ. ಕೂತವನೇ ದುಭಾಷಿಯ ಕಡೆ ತಿರುಗಿ ಅಬ್ಬರಿಸಿದ: "ಈ ಸೀಮೆಯವರೆಲ್ಲ ಸುಳ್ಳರು. ಒಬ್ಬನನ್ನೂ ನಾನು ನಂಬುವುದಿಲ್ಲ. ಒಂದಕ್ಷರ ಬಿಡದೆ ನಿಮ್ಮ ನಾಯಕನಿಗೆ ಹೇಳು!"

ದುಭಾಷಿ ಹುಟ್ಟಿದ್ದೇ ಆ ಸೀಮೆಯಲ್ಲಿ. ಹೇಳಿದರೆ ಯುದ್ಧ, ಮುಚ್ಚಿಟ್ಟು ಸಿಕ್ಕಿಬಿದ್ದರೆ ತಲೆ ಉಳಿಯದು. ಬೆವರೊರೆಸಿಕೊಂಡು ಎಲ್ಲವನ್ನೂ ಹೇಳಿಬಿಟ್ಟ. ನಾಯಕರ ಕೈ ಕತ್ತಿಗೆ ಹೋಯಿತು.

"ಬುದ್ಧೀ, ಉತ್ತರ ಕೊಡಬೇಡಿ," ಎಂದು ದುಭಾಷಿ ಬೇಡಿಕೊಂಡ. "ನಗದೆ ಒಂದು ವೀಳ್ಯ ಕೊಟ್ಟುಬಿಡಿ, ಸಾಕು."

ನಾಯಕರು ಮುಖ ಗಂಟಿಕ್ಕಿಕೊಂಡೇ ವೀಳ್ಯ ಕೊಟ್ಟರು. ಸಾಹೇಬ ಬಿಳಿಚಿಕೊಂಡ. ಈ ನಾಡಿನಲ್ಲಿ ನೆಂಟರಿಗೂ ವೀಳ್ಯ, ಯುದ್ಧಕ್ಕೆ ಕರೆಯುವ ಹಗೆಗೂ ವೀಳ್ಯ ಎಂದು ಅವನು ಕೇಳಿ ಬಲ್ಲ.

"ಇದು ಸ್ನೇಹದ್ದೋ, ಯುದ್ಧದ್ದೋ?"

ದುಭಾಷಿ ಕೈಮುಗಿದ. "ಸ್ನೇಹದ್ದು ಸ್ವಾಮಿ. ಆದರೆ ಹೇಳುತ್ತಿರುವ ನಾನೂ ಈ ಸೀಮೆಯವನೇ."

ಸಾಹೇಬ ಚಾವಡಿಯೆಲ್ಲ ಕಣ್ಣಾಡಿಸಿದ. ಅವನ ಭಾಷೆ ಬಲ್ಲವರು ಅಲ್ಲಿ ಇನ್ನೊಬ್ಬರಿಲ್ಲ. ಕೊನೆಗೆ ಮೆಲ್ಲಗೆ ಎಂದ: "ಈ ಸೀಮೆಯವನೊಬ್ಬನನ್ನು ನಾನು ನಂಬಿದ್ದೇನೆ ಅಂತ ನಾಯಕರಿಗೆ ಹೇಳಪ್ಪ."

ದುಭಾಷಿ ಅದನ್ನೂ ಒಂದಕ್ಷರ ಬಿಡದೆ ಹೇಳಿದ.