ಒದ್ದೆ ಬಟ್ಟೆ ಮತ್ತು ಪಾಸಾದ ವ್ಯಾನು

ಗದಗದಲ್ಲಿ ಫಕ್ಕೀರಪ್ಪ ಎಂಬ ಚಾಲಕನಿದ್ದ. ತನ್ನ ಹಳೆಯ ಪೆಟ್ರೋಲ್ ವ್ಯಾನಿನಲ್ಲಿ ದಿನಾ ಒಂಬತ್ತು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ. ಯಾರಿಗೂ ಹೆದರುವ ಆಳಲ್ಲ, ಆದರೆ ಹೊಗೆ ತಪಾಸಣೆಯ ಯಂತ್ರ ಕಂಡರೆ ಸಾಕು, ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಳೆದ ವಾರ ವ್ಯಾನು ಅದರಲ್ಲಿ ನಪಾಸಾಗಿತ್ತು.

"ಶನಿವಾರ ಹೊಗಿ ಸರ್ಟಿಫಿಕೇಟ್ ತರಲಿಲ್ಲಂದ್ರ ನಿಮ್ಮ ಗಾಡ್ಯಾಗ ಮಕ್ಕಳನ್ನ ಹತ್ತಸಂಗಿಲ್ಲ" ಎಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಕಡ್ಡಿ ಮುರಿದಂತೆ ಹೇಳಿದ್ದರು. ವ್ಯಾನು ನಿಂತರೆ ಮನೆಯ ಒಲೆಯೂ ನಿಂತಂತೆ. ಅವನಿಗೆ ನಿದ್ದೆ ಹಾರಿಹೋಯಿತು.

ಶುಕ್ರವಾರ ಮೆಕ್ಯಾನಿಕ್ ದಾವಲಸಾಬ ಕಾರ್ಬುರೇಟರ್ ತೊಳೆದ. ಹೊಗೆ ಹೋಗುವ ಪೈಪಿನ ಜೋಡಣೆಗೆ ಸೋರದಂತೆ ನಡುವೆ ಕೂರಿಸುವ ಹೊಸ ಗ್ಯಾಸ್ಕೆಟ್ ಹಾಕಿದ. ಆಮೇಲೆ ಹೇಳಿದ: "ಇವತ್ತು ಒಂದಿಷ್ಟು ಓಡಿಸು. ಕಾದು ಆರಿದ ಮ್ಯಾಲೆ ನಟ್ ಸಡಲ ಆಗ್ತಾವ. ನಾಳೆ ಒಂಬತ್ತಕ್ಕ ಬಾ, ಮತ್ತೊಮ್ಮೆ ಬಿಗೀತೀನಿ. ಟೆಸ್ಟಿಗೆ ಆಮೇಲೆ ಹೋಗು. ಅನುಮಾನ ಬಂದ್ರ ಇಂಜಿನ್ ಚಾಲೂ ಇಟ್ಟು ಪೈಪಿನ ಬಾಯಿಗೆ ಒದ್ದಿ ಬಟ್ಟಿ ಒತ್ತಿ ಹಿಡಿ. ಎಲ್ಲಿಂದಾದ್ರೂ ಸುಸ್ ಅಂತಂದ್ರ ಅಲ್ಲಿ ಸೋರಾಕತ್ತೈತಿ ಅಂತ ತಿಳ್ಕೋ."

ಶನಿವಾರ ಶಾಲೆ ಬೆಳಿಗ್ಗೆ ಎಂಟಕ್ಕೇ. ಫಕ್ಕೀರಪ್ಪ ಏಳಕ್ಕೆ ಮೊದಲೇ ಬಟ್ಟೆ ತೋಯಿಸಿ ಒತ್ತಿ ಹಿಡಿದ. ಮುಂದಿನ ಸೀಟಿನ ಕೆಳಗಿಂದ ಸಣ್ಣಗೆ 'ಸುಸ್' ಎಂದಿತು. ಆದರೆ ಒಂಬತ್ತರವರೆಗೆ ಕಾದರೆ ಮಕ್ಕಳನ್ನು ಯಾರು ಕರೆದೊಯ್ಯಬೇಕು? ಕೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ ಏಳಕ್ಕೇ ತೆರೆಯುವ ತಪಾಸಣೆ ಕೇಂದ್ರಕ್ಕೆ ಓಡಿದ.

ಅಲ್ಲಿನವನು ಹಿಂದಿನ ಪೈಪಿಗೆ ಯಂತ್ರದ ನಳಿಕೆ ತೂರಿಸಿದ. ಫಕ್ಕೀರಪ್ಪ ಕಣ್ಣು ಮುಚ್ಚಿಕೊಂಡು ನಿಂತ.

"ಭೇಷ್ ಕಾಕಾ! ಹೊಸಾ ಗಾಡಿಗಿಂತ ಕಡಿಮಿ ಬಂದೈತಿ" ಎಂದು ಅವನು ಸರ್ಟಿಫಿಕೇಟ್ ಕೊಟ್ಟ.

ಬರದೆ ಏನು? ಸೋರುವ ಸಂದಿಯಿಂದ ಹೊಗೆ ಹೊರಬಿದ್ದು ಗಾಳಿ ಒಳಹೊಕ್ಕರೆ, ಹಿಂದಿನ ಪೈಪಿಗೆ ತಲುಪುವುದು ಬರೀ ತೆಳು ಹೊಗೆ! ಸೋರಿದ ಹೊಗೆ ಎಲ್ಲಿಗೆ ಹೋಯಿತೆಂದು ಪುಣ್ಯಾತ್ಮ ಫಕ್ಕೀರಪ್ಪ ಯೋಚಿಸಲೇ ಇಲ್ಲ. ಚೀಟಿಯನ್ನು ಜೇಬಿಗಿಟ್ಟು ಮಕ್ಕಳನ್ನು ಹತ್ತಿಸಿಕೊಂಡ. ಚಳಿ ಇತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು.

ಎರಡನೇ ತರಗತಿಯ ರೇಣವ್ವ ದಿನಾ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಗ್ಗಿ ಒದರುತ್ತಿದ್ದಳು. ಅಂದೂ ಶುರು ಮಾಡಿದಳು. "ಎಂಟೊಂದ್ಲೆ ಎಂಟು, ಎಂಟೆರಡ್ಲೆ ಹದಿನಾರು..." ಅಲ್ಲಿಗೇ ನಿಂತಿತು.

ಸ್ವಲ್ಪ ದೂರ ಹೋದ ಮೇಲೆ ಫಕ್ಕೀರಪ್ಪನಿಗೆ ಭಯವಾಯಿತು. ವ್ಯಾನಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಕನ್ನಡಿ ನೋಡಿದ. ಹಿಂದೆ ಎಲ್ಲರ ತಲೆಗಳೂ ವಾಲಿದ್ದವು. ಅವನ ತಲೆಯೂ ಕಲ್ಲಿನಂತೆ ಭಾರವಾಗಿತ್ತು. ಆ 'ಸುಸ್' ನೆನಪಾಯಿತು.

ವ್ಯಾನು ನಿಲ್ಲಿಸಿ ಬಾಗಿಲುಗಳನ್ನೆಲ್ಲ ತೆಗೆದ. ಕೂಗಾಡುತ್ತ ಒಬ್ಬೊಬ್ಬರನ್ನೇ ಹೊತ್ತು ರಸ್ತೆಬದಿಗೆ ತಂದ. ಇಬ್ಬರು ವಾಂತಿ ಮಾಡಿಕೊಂಡರು, ಉಳಿದವರು ಅಳತೊಡಗಿದರು. ರೇಣವ್ವ ಮಾತ್ರ ಕಣ್ಣು ಬಿಡಲಿಲ್ಲ.

"ಏ ನಮ್ಮವ್ವಾ, ಎಂಟು ಮೂರ್ಲೆ ಎಷ್ಟ? ಹೇಳವ್ವಾ!" ಎಂದು ಅವಳ ಕೆನ್ನೆ ತಟ್ಟುತ್ತ ಅತ್ತ. ಮತ್ತೆ ಮತ್ತೆ ಕೇಳಿದ. ಯಾವ ಯಂತ್ರದ ಮುಂದೆಯೂ ಅವನು ಇಷ್ಟು ಹೆದರಿ ಉತ್ತರಕ್ಕೆ ಕಾದಿರಲಿಲ್ಲ.

ಕೊನೆಗೆ ತುಟಿ ಅಲ್ಲಾಡಿತು. "ಇಪ್ಪತ್ತ್ನಾಕು."

ಆ ದಾರಿಯಲ್ಲಿ ಬಂದ ಹಾಲಿನ ಗಾಡಿಯವನು ಮಕ್ಕಳನ್ನು ಆಸ್ಪತ್ರೆಗೆ ಒಯ್ದ. ಮಧ್ಯಾಹ್ನದ ಹೊತ್ತಿಗೆ ಒಂಬತ್ತೂ ಮಕ್ಕಳು ಚೇತರಿಸಿಕೊಂಡರು. ಫಕ್ಕೀರಪ್ಪ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಸರ್ಟಿಫಿಕೇಟನ್ನೂ ವ್ಯಾನಿನ ಕೀಲಿಯನ್ನೂ ಇಟ್ಟ.

"ಯಂತ್ರದ್ದೇನೂ ತಪ್ಪಿಲ್ಲರೀ ಅಕ್ಕಾರ. ಸೋರೋದು ನನಗ ಮುಂಜಾನೆನ ಕೇಳಿಸಿತ್ತು" ಎಂದ.

"ಮೊದಲು ಅದನ್ನ ಸರಿ ಮಾಡಸ್ರಿ" ಎಂದು ಅವರು ಕೀಲಿ ಹಿಂದಿರುಗಿಸಿದರು. ದಾವಲಸಾಬ ನಟ್ಟುಗಳನ್ನು ಬಿಗಿದ. ಮತ್ತೆ ತಪಾಸಣೆಯಾಯಿತು. ಈ ಸಲ ಅಂಕಿ ಹೆಚ್ಚು ಬಂತು, ಆದರೂ ಮಿತಿಯೊಳಗಿತ್ತು. ಎರಡು ತಿಂಗಳು ಯಾವ ತಾಯಿಯೂ ಮಕ್ಕಳನ್ನು ಆ ವ್ಯಾನಿಗೆ ಹತ್ತಿಸಲಿಲ್ಲ. ಫಕ್ಕೀರಪ್ಪ ಯಾರನ್ನೂ ದೂರಲಿಲ್ಲ. ಖಾಲಿ ವ್ಯಾನಿಗೇ ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಒತ್ತಿ, ಉಸಿರು ಹಿಡಿದು ಕೇಳುತ್ತಿದ್ದ. ಮೊದಲು ಮರಳಿ ಬಂದವಳು ರೇಣವ್ವ. ಅವಳೂ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿಗೊಟ್ಟು ಕೇಳಿದ ಮೇಲೆಯೇ ವ್ಯಾನು ಹತ್ತಿದಳು.

ನೀತಿ: ತಪಾಸಣೆಗೆ ಹೆದರಿ ತಪ್ಪನ್ನು ಮುಚ್ಚಬಾರದು, ತಪ್ಪಿಗೇ ಹೆದರಿ ಅದನ್ನು ಸರಿಪಡಿಸಬೇಕು. ಪರೀಕ್ಷೆಯ ಕಣ್ಣು ತಪ್ಪಿಸಿದ ದೋಷ ನಮ್ಮನ್ನು ನಂಬಿ ಕೂತವರನ್ನೇ ಮೊದಲು ಮುಟ್ಟುತ್ತದೆ.